ಬೂದಿ ಬಳಿದ ಗಾಜು

ಭಾನುವಾರ ಬೆಳಿಗ್ಗೆ ಬಾಡಿಗೆ ವ್ಯಾನಿನಿಂದ ಇಳಿದಾಗ ಎಲ್ಫಾಸ್ ಸಿಬನ್ಯೋನಿಯ ತಲೆಯಲ್ಲಿ ಇದ್ದದ್ದು ಒಂದೇ ಯೋಚನೆ: ಎಸ್ತೇರಜ್ಜಿಯ ಮನೆ ಕಿಟಕಿಯ ಗಾಜಿನ ಅಂಚಿಗೆ ಮೆತ್ತಿದ ಪುಟ್ಟಿ ಒಣಗಿತೋ ಇಲ್ಲವೋ. ಭೂಮಧ್ಯರೇಖೆಯ ಕೆಳಗಿನ ಈ ಸೀಮೆಯಲ್ಲಿ ಜುಲೈ ಅಂದರೆ ನಡುಚಳಿಗಾಲ, ಪುಟ್ಟಿ ಬೇಗ ಒಣಗುವುದಿಲ್ಲ. ಹದಿನೈದು ದಿನ ಕಳೆದರೂ ಬೆರಳಿಟ್ಟರೆ ಗುರುತು ಬೀಳುತ್ತದೆ. ಬುಧವಾರ ಸಂಜೆ ಆ ಕೆಲಸ ಮುಗಿಸಿ, ಗುರುವಾರ ಅವನು ತಮ್ಮನ ಮಗನಿಗೆ ಹೆಣ್ಣು ಕೇಳುವ ಮಾತುಕತೆಯಲ್ಲಿ ಹಿರಿಯನಾಗಿ ಕೂರಲು ಕರೋಲಿನಾ ಊರಿಗೆ ಹೋಗಿದ್ದ. ಮಾತುಕತೆ ಸುಸೂತ್ರವಾಗಿ ನಡೆದಿತ್ತು. ಹೆಣ್ಣಿನ ಮನೆಯವರು ಕಟ್ಟಿಕೊಟ್ಟ ಮಾಂಸದ ಪೊಟ್ಟಣ ಬಗಲಲ್ಲಿತ್ತು. ಅರವತ್ತೊಂದು ವರ್ಷದ ಗಂಡಸು, ಹೊಟ್ಟೆ ತುಂಬಿದೆ, ಮಾತು ಗೆದ್ದಿದೆ, ಇನ್ನೇನು ಬೇಕು. ಸಿಳ್ಳೆ ಹಾಕಿಕೊಂಡೇ ಹೊರಟ.

ಟಾರು ರಸ್ತೆಯಿಂದ ತನ್ನ ಬಡಾವಣೆ ಎಕ್ಸ್‌ಟೆನ್ಷನ್ ಆರಕ್ಕೆ ಕಾಲ್ನಡಿಗೆಯಲ್ಲಿ ಹತ್ತು ನಿಮಿಷ. ಹುಲ್ಲಿನ ಮೇಲೆ ಹಿಮ ಇನ್ನೂ ಬೆಳ್ಳಗೆ ಕೂತಿತ್ತು. ಆಚೆ ಬಯಲಿನಲ್ಲಿ ವಿದ್ಯುತ್ ಸ್ಥಾವರದ ಆರು ಚಿಮಣಿಗಳು ಎಂದಿನಂತೆ ಹೊಗೆ ಬಿಡುತ್ತಿದ್ದವು. ಆ ಸ್ಥಾವರದ ದಪ್ಪ ತಂತಿಗಳು ಎಕ್ಸ್‌ಟೆನ್ಷನ್ ಆರರ ನೆತ್ತಿಯ ಮೇಲೆಯೇ ಹಾದು ದೂರದ ಪಟ್ಟಣಗಳಿಗೆ ಬೆಳಕು ಒಯ್ಯುತ್ತವೆ. ಕೆಳಗಿನ ಮನೆಗಳಿಗೆ ಮೇ ತಿಂಗಳಿಂದ ಕರೆಂಟಿಲ್ಲ. ಟ್ರಾನ್ಸ್‌ಫಾರ್ಮರ್ ಸುಟ್ಟು ಹತ್ತು ವಾರವಾಗಿದೆ. ಅರ್ಜಿ ಕೊಟ್ಟವರಿಗೆ ಒಂದೊಂದು ನಂಬರು ಕೊಟ್ಟು ಕಳಿಸಿದ್ದಾರೆ. ಚಳಿಗೆ ನಂಬರು ಹೊದ್ದುಕೊಳ್ಳಲು ಬರುತ್ತದೆಯೇ? ಜನ ತಮ್ಮ ತಾತಂದಿರ ಕಾಲದಿಂದ ಮಾಡುತ್ತ ಬಂದದ್ದನ್ನೇ ಮಾಡಿದರು. ಬಣ್ಣದ ಖಾಲಿ ಡಬ್ಬಕ್ಕೆ ತೂತು ಹೊಡೆದು, ಅಗ್ಗಿಷ್ಟಿಕೆ ಮಾಡಿ, ಕಲ್ಲಿದ್ದಲು ತುಂಬಿದರು.

ಎಲ್ಫಾಸ್ ತನ್ನ ಮನೆಗೆ ಹೋಗುವ ಬದಲು ಎಸ್ತೇರಜ್ಜಿಯ ಬೀದಿಗೆ ತಿರುಗಿದ. ತನ್ನ ಕೈಕೆಲಸ ನೋಡುವ ಆಸೆ. ಅವಳ ಮನೆಯ ಮುಂದಿನ ಗೋಡೆ ಬಡಗಣಕ್ಕೆ ಮುಖ ಮಾಡಿದೆ, ಚಳಿಗಾಲದ ಬಿಸಿಲು ನೇರ ಅದಕ್ಕೇ ಬೀಳುತ್ತದೆ. ಹೊಸ ಗಾಜು ದೂರದಿಂದಲೇ ಕಣ್ಣು ಕುಕ್ಕಬೇಕಿತ್ತು. ಕುಕ್ಕಲಿಲ್ಲ. ಗಾಜು ಮಂಕಾಗಿತ್ತು. ಹಿಮ ಹಿಡಿದಿರಬೇಕು ಅಂದುಕೊಂಡ. ಇನ್ನೆರಡು ಮನೆ ದಾಟಿದ. ಹಿಮಕ್ಕೆ ಬೆರಳಿನ ಗೆರೆಗಳಿರುವುದಿಲ್ಲ. ಈ ಗಾಜಿನ ಮೇಲೆ ಐದು ಬೆರಳು ಎಳೆದ ಗೆರೆಗಳು, ಮೇಲಿಂದ ಕೆಳಕ್ಕೆ, ಎರಡೂ ಕಿಟಕಿಗಳಲ್ಲಿ.

ಬೂದಿ.

ಈ ಸೀಮೆಯಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಮನೆಯಲ್ಲಿ ಸಾವಾದರೆ ಹೆಂಗಸರು ಬೂದಿಗೆ ನೀರು ಕಲಸಿ ಕಿಟಕಿಯ ಗಾಜಿಗೆ ಬಳಿಯುತ್ತಾರೆ. ಹೆಣ ಮಣ್ಣಾಗುವವರೆಗೆ ಅದು ಹಾಗೇ ಇರಬೇಕು. ಸಿಳ್ಳೆ ಯಾವಾಗ ನಿಂತಿತೋ ಎಲ್ಫಾಸ್‌ಗೆ ತಿಳಿಯಲಿಲ್ಲ. ಗಾಜಿನ ಹತ್ತಿರ ಹೋದ. ಅಂಚಿನ ಹಸಿ ಪುಟ್ಟಿಯಲ್ಲಿ ಅವನದೇ ಎಡಗೈ ಹೆಬ್ಬೆರಳಿನ ಗುರುತಿತ್ತು. ಅದರ ಗುಳಿಯಲ್ಲೂ ಬೂದಿ ತುಂಬಿತ್ತು.

ಮಗು ಹೋಯಿತು ಎಂದೇ ಅವನು ತಿಳಿದ. ಎಸ್ತೇರಜ್ಜಿಯ ಮೊಮ್ಮಗಳು ನೊಕುಫೀಲ, ಹನ್ನೊಂದು ವರ್ಷ, ಎಲ್ಲರ ಬಾಯಲ್ಲಿ ಫೀಲ. ಅವಳ ಎದೆ ಗೊರಗೊರ ಅನ್ನುತ್ತಿತ್ತು ಅಂತಲೇ ತಾನೇ ಅಜ್ಜಿ ಕಿಟಕಿ ರಿಪೇರಿ ಮಾಡಿಸಿದ್ದು.

ಗೇಟಿನಿಂದ ಹೊರಬಂದ ಪಕ್ಕದ ಮನೆಯ ಹೆಂಗಸು ಅವನನ್ನು ಕಂಡು ನಿಂತಳು. ಹೋದದ್ದು ಅಜ್ಜಿ ಅಂದಳು. ಶುಕ್ರವಾರ ಬೆಳಿಗ್ಗೆ ಎಂಟಾದರೂ ಬಾಗಿಲು ತೆಗೆಯಲಿಲ್ಲವಂತೆ. ಒದ್ದು ತೆಗೆದರಂತೆ. ಅಜ್ಜಿ ಮಂಚದ ಮೇಲೆ ಮಲಗಿದ್ದ ಹಾಗೇ ಮಲಗಿದ್ದಳು, ಕೆನ್ನೆ ಮಾತ್ರ ಮದುವೆ ಹೆಣ್ಣಿನ ಹಾಗೆ ಕೆಂಪಗಿತ್ತು. ಹುಡುಗಿ ಬಾಗಿಲ ಹತ್ತಿರ ಚಾಪೆಯ ಮೇಲೆ ಸಿಕ್ಕಳು, ಉಸಿರಿತ್ತು, ಆಸ್ಪತ್ರೆಗೆ ಹೊತ್ತೊಯ್ದರು.

"ಕೆಂಡ, ಮಾವ," ಅಂದಳು ಆ ಹೆಂಗಸು. "ಆಸ್ಪತ್ರೆ ನರ್ಸಮ್ಮ ಹೇಳಿದ್ಲು. ಹೊಗೆ ಇಲ್ದಿದ್ರೂ ಕೆಂಪು ಕೆಂಡದಲ್ಲಿ ವಿಷ ಇರುತ್ತಂತೆ. ನಮಗೆಲ್ಲಿ ಗೊತ್ತು, ನಾವು ಹೊಗೆ ಹೋದ್ಮೇಲೆ ಒಳಗೆ ತರ್ತೀವಿ. ಅವಳೂ ಹಾಗೇ ತಂದಿದ್ಲು."

ಎಲ್ಲರೂ ಹಾಗೇ ತರುತ್ತಾರೆ. ಅಗ್ಗಿಷ್ಟಿಕೆಯನ್ನು ಅಂಗಳದಲ್ಲಿ ಹೊತ್ತಿಸಿ, ಹಳದಿ ಹೊಗೆ ಪೂರ್ತಿ ಹೋಗಿ ಕಲ್ಲಿದ್ದಲು ಕೆಂಪು ಹೂವಿನ ಹಾಗಾದ ಮೇಲೆ, ಡಬ್ಬದ ಕಿವಿಗೆ ತಂತಿ ಸಿಕ್ಕಿಸಿ ಒಳಗೆ ತರುವುದು. ಹೊಗೆ ಹೋಯಿತು ಅಂದರೆ ಅಪಾಯ ಹೋಯಿತು. ಎಲ್ಫಾಸ್‌ನ ತಾಯಿ ಹಾಗೇ ಮಾಡುತ್ತಿದ್ದಳು, ಹೆಂಡತಿ ಲೀನಾ ಹಾಗೇ ಮಾಡುತ್ತಾಳೆ, ಯಾರೂ ಸತ್ತಿರಲಿಲ್ಲ. ಎಸ್ತೇರಜ್ಜಿಯೂ ಆ ಮನೆಯಲ್ಲಿ ಇಪ್ಪತ್ತೆರಡು ಚಳಿಗಾಲ ಕೆಂಡದ ಪಕ್ಕ ಮಲಗಿ ಎದ್ದಿದ್ದಾಳೆ.

ಇಪ್ಪತ್ತಮೂರನೆಯದರಲ್ಲಿ ಏನು ಬದಲಾಯಿತು? ಎಲ್ಫಾಸ್ ಗಾಜಿನ ಕಡೆ ನೋಡಿದ. ಮಾಂಸದ ಪೊಟ್ಟಣ ಬಗಲಿನಿಂದ ಜಾರಿ ಬಿತ್ತು.

ಆ ಮನೆಗಳ ಕಿಟಕಿ ಯಾಕೆ ಸೋರುತ್ತದೆ ಅಂತ ಎಕ್ಸ್‌ಟೆನ್ಷನ್ ಆರರಲ್ಲಿ ಎಲ್ಫಾಸ್‌ಗಿಂತ ಚೆನ್ನಾಗಿ ಬಲ್ಲವರಿಲ್ಲ. ಅವನ್ನು ಕೂರಿಸಿದ ತಂಡದಲ್ಲಿ ಅವನೂ ಇದ್ದ. ಸರ್ಕಾರ ಬಡವರಿಗೆ ಉಚಿತ ಮನೆ ಕಟ್ಟಿಸಿಕೊಟ್ಟ ಕಾಲ. ಕಂತ್ರಾಟುದಾರನಿಗೆ ಕೊಟ್ಟದ್ದು ನಾಲ್ಕು ತಿಂಗಳ ಗಡುವು. ಮೇಸ್ತ್ರಿ ಗಡಿಯಾರ ನೋಡುತ್ತಾ ನಿಲ್ಲುತ್ತಿದ್ದ, ದಿನಕ್ಕೆ ಹನ್ನೆರಡು ಮನೆಗೆ ಕಿಟಕಿ ಕೂರಬೇಕು. ಕಬ್ಬಿಣದ ಚೌಕಟ್ಟನ್ನು ತೂತಿಗೆ ತಳ್ಳು, ಎರಡು ಕರಣೆ ಗಾರೆ ಎಸೆ, ಮುಂದಿನ ಮನೆಗೆ ನಡೆ. ಚೌಕಟ್ಟಿಗೂ ಗೋಡೆಗೂ ನಡುವೆ ಬೆರಳು ತೂರುವಷ್ಟು ಸಂದಿ ಉಳಿದರೂ ಮೇಲೆ ಬಣ್ಣ ಬಳಿದರೆ ಕಾಣದು. ಮಂತ್ರಿಗಳು ಬಂದು ರಿಬ್ಬನ್ ಕತ್ತರಿಸಿದ ದಿನ ಬಿಸಿಲಿತ್ತು, ಗಾಳಿಯಿರಲಿಲ್ಲ. ಕಡತದಲ್ಲಿ 'ವಾಸಕ್ಕೆ ಯೋಗ್ಯ' ಎಂಬ ಮೊಹರು ಬಿತ್ತು. ಮೊಹರು ಒತ್ತಿದ ಕೈ ಜುಲೈ ತಿಂಗಳಲ್ಲಿ ಆ ಕಿಟಕಿಯ ಹತ್ತಿರ ಒಮ್ಮೆ ಅಂಗೈ ಹಿಡಿದಿದ್ದರೆ ಸಾಕಿತ್ತು.

ಕಡೆಗೆ ಕಟ್ಟಿದವರಲ್ಲೇ ಕೆಲವರಿಗೆ ಮನೆ ಸಿಕ್ಕಿತು. ಎಲ್ಫಾಸ್‌ಗೂ ಸಿಕ್ಕಿತು. ತನ್ನ ಕಳ್ಳಕೆಲಸದ ಚಳಿಯನ್ನು ತಾನೇ ಇಪ್ಪತ್ತು ವರ್ಷ ಉಂಡ. ಮೊಣಕಾಲು ಹಿಡಿದು, ಆಮೇಲೆ ಸೇರಿದ್ದ ಗಣಿಯ ಕೂಲಿ ಬಿಟ್ಟ ಮೇಲೆ ಮೊದಲು ತನ್ನ ಕಿಟಕಿ ಸರಿಮಾಡಿದ, ಆಮೇಲೆ ಕೇಳಿದವರದ್ದು. ಸಡಿಲ ಗಾರೆ ಕೆರೆದು, ಸಂದಿಗೆ ಸಿಮೆಂಟು ಒತ್ತಿ, ಒಡೆದ ಗಾಜು ತೆಗೆದು, ಸುಣ್ಣದಕಲ್ಲಿನ ಪುಡಿಗೆ ಅಗಸೆ ಎಣ್ಣೆ ಹಾಕಿ ಚಪಾತಿ ಹಿಟ್ಟಿನ ಹಾಗೆ ನಾದಿ ಪುಟ್ಟಿ ಮಾಡಿ, ಸೊಟ್ಟಗಾದ ಕಿಟಕಿ ರೆಕ್ಕೆಯನ್ನು ಬಡಿದು ನೇರಮಾಡಿ, ಅಂಚಿಗೆ ಸೈಕಲ್ ಟ್ಯೂಬಿನ ಪಟ್ಟಿ ಅಂಟಿಸುತ್ತಿದ್ದ. ತಟ್ಟೆ ಊಟ ಕೊಟ್ಟರೆ ತಿನ್ನುತ್ತಿದ್ದ, ಕೊಡದಿದ್ದರೂ ಮಾಡುತ್ತಿದ್ದ.

ಎಸ್ತೇರಜ್ಜಿ ಮಾತ್ರ ಬಹಳ ದಿನ ಕೇಳಲಿಲ್ಲ. ಕಿಟಕಿ ಸಂದಿಗೆ ಹಳೇ ಪೇಪರು, ಪ್ಲಾಸ್ಟಿಕ್ ಚೀಲ ತುರುಕಿಕೊಂಡು ಕಾಲ ಹಾಕಿದಳು. ಗಾಳಿ ಜೋರಾದರೆ ಅವು ಬುಸ್ ಅಂತ ಹಾರಿ ಮಂಚದ ಮೇಲೆ ಬೀಳುತ್ತಿದ್ದವು. ಎಲ್ಫಾಸ್ ಬೀದಿಯಲ್ಲಿ ಹೋಗುವಾಗೆಲ್ಲ ಜಗಲಿಯಿಂದಲೇ ಚುಚ್ಚುತ್ತಿದ್ದಳು.

"ಲೇ ಸಿಬನ್ಯೋನಿ, ನೀನು ಕೂರಿಸಿದ ಕಿಟಕೀಲಿ ಗಾಳಿ ನೆಂಟನ ಥರ ಬರುತ್ತೆ ಕಣೋ. ಬಾ ಅನ್ನೋದೂ ಬೇಡ, ಹೋಗು ಅಂದ್ರೂ ಹೋಗಲ್ಲ."

"ಮಾಡ್ಕೊಡ್ತೀನಿ ಅಂದ್ರೆ ನೀನೇ ಬೇಡ ಅಂತೀಯಲ್ಲಮ್ಮ."

"ನೀನು ಮಾಡಿದ್ದಕ್ಕೇ ಹೀಗಾಗಿದೆ. ಇನ್ನೊಂದ್ಸಲ ಮಾಡಿದ್ರೆ ಚಾವಣಿ ಹಾರಿಹೋಗ್ಬೋದು."

ಈ ವರ್ಷ ಫೀಲಳ ಕೆಮ್ಮು ನಿಲ್ಲದೆ ಹೋದಾಗ ತಾನೇ ಅವನ ಮನೆ ಗೇಟಿಗೆ ಬಂದು ನಿಂತಳು. ಚುಚ್ಚಲಿಲ್ಲ. ಮಗು ಇಡೀ ದಿನ ಗೊರಗೊರ ಅನ್ನುತ್ತೆ, ಗಾಳಿ ಒಂದು ನಿಲ್ಲಿಸಿಕೊಡು ಅಂದಳು. ಫೀಲಳ ತಾಯಿ ಡುಡು ಪಟ್ಟಣದಲ್ಲಿ ಯಾರದೋ ಮನೆಯ ಕೆಲಸಕ್ಕಿದ್ದಾಳೆ, ತಿಂಗಳಿಗೊಮ್ಮೆ ಬರುತ್ತಾಳೆ. ಅವಳು ಬರುವುದರೊಳಗೆ ಮಗುವಿನ ಎದೆ ಸರಿಯಾಗಬೇಕು ಎಂಬುದು ಅಜ್ಜಿಯ ಹಟ.

ಎಲ್ಫಾಸ್ ಎರಡು ದಿನ ಕೂತು ಆ ಎರಡು ಕಿಟಕಿಗಳನ್ನು ಮಾಡಿದ. ಬದುಕಿನಲ್ಲಿ ಅಷ್ಟು ಚೊಕ್ಕ ಕೆಲಸ ಅವನು ಮಾಡಿರಲಿಲ್ಲ. ಎಂದೋ ಕದ್ದದ್ದನ್ನು ಬಡ್ಡಿಸಮೇತ ತಂದುಕೊಡುವವನ ಶ್ರದ್ಧೆ ಅದು. ಸೂರಿನ ಸಂದಿಗಳನ್ನು ಅಜ್ಜಿ ಎಲ್ಲರಂತೆ ವರ್ಷಗಳ ಹಿಂದೆಯೇ ಮಣ್ಣು ಚಿಂದಿ ತುಂಬಿ ಮುಚ್ಚಿದ್ದಳು. ಬುಧವಾರ ಸಂಜೆ ಅವಳು ಕಿಟಕಿಯ ಬಳಿ ಕಡ್ಡಿ ಗೀರಿ ಹಿಡಿದಳು. ಉರಿ ಅಲುಗಲಿಲ್ಲ. ಬೆರಳು ಸುಡುವವರೆಗೂ ನೋಡುತ್ತಾ ನಿಂತಳು. ಆಮೇಲೆ ಬಾಗಿಲು ತೋರಿಸಿದಳು. ಕೆಳಗೆ ಎರಡು ಬೆರಳಿನ ಸಂದಿ, ಹಾವೂ ನುಗ್ಗುವಷ್ಟು.

"ಅದೂ ಮುಚ್ಚಿಬಿಡ್ತೀನಿ," ಅಂದಿದ್ದ ಎಲ್ಫಾಸ್. "ಸೋಮವಾರ ಬಂದು."

ಆ ಸೋಮವಾರ ಬರುವ ಮೊದಲೇ ಗಾಜಿಗೆ ಬೂದಿ ಬಿತ್ತು. ಮುಚ್ಚದೆ ಉಳಿದ ಆ ಎರಡು ಬೆರಳಿನ ಸಂದಿಯ ಎದುರಿಗೆ ಚಾಪೆ ಹಾಸಿಕೊಂಡು ಮಲಗಿದ್ದಕ್ಕೆ ಹುಡುಗಿ ಉಳಿದಳು.

ಮನೆಗೆ ಬಂದು ಹೇಳಿದಾಗ ಲೀನಾ, ಕೆಂಡ ಕೊಂದದ್ದು, ನೀನಲ್ಲ ಅಂದಳು. ಬೀದಿಯವರೂ ಹಾಗೇ ಅಂದರು. ಅದನ್ನು ನಂಬುವ ಪ್ರಯತ್ನವನ್ನು ಎಲ್ಫಾಸ್ ಎರಡು ದಿನ ಮಾಡಿದ. ಕಿಟಕಿ ಸರಿಮಾಡುವುದು ಎಲ್ಲಿಯಾದರೂ ಪಾಪವೇ? ಪಟ್ಟಣದ ಮನೆಗಳಲ್ಲಿ ಎಲ್ಲರ ಕಿಟಕಿಗಳೂ ಬಿಗಿಯಾಗಿಯೇ ಇವೆ, ಅಲ್ಲಿ ಯಾರೂ ಸಾಯುವುದಿಲ್ಲ. ಅಲ್ಲಿ ಕರೆಂಟಿದೆ ಎಂಬುದು ಬೇರೆ ಮಾತು.

ಮಂಗಳವಾರ ಸಂಜೆಯ ಪ್ರಾರ್ಥನೆಗೆ ಹೋದ. ಮಣ್ಣು ಮಾಡುವುದು ಶನಿವಾರ. ಅಲ್ಲಿಯವರೆಗೆ ದಿನಾ ಸಂಜೆ ಸತ್ತವರ ಮನೆಯಲ್ಲಿ ಹಾಡು, ಪ್ರಾರ್ಥನೆ. ಮುಂಗೋಣೆಯ ಮೇಜು ಕುರ್ಚಿ ತೆಗೆದು ನೆಲಕ್ಕೆ ಹಾಸಿಗೆ ಹಾಕಿದ್ದರು. ಕಪ್ಪು ಶಾಲು ಹೊದ್ದ ಡುಡು ಅದರ ಮೇಲೆ ಗೋಡೆಗೊರಗಿ ಕೂತಿದ್ದಳು. ಆ ದಿನ ಮಧ್ಯಾಹ್ನವಷ್ಟೇ ಆಸ್ಪತ್ರೆಯಿಂದ ಬಂದ ಫೀಲ ಅವಳ ತೊಡೆಗೆ ತಲೆಯಿಟ್ಟಿದ್ದಳು. ಪಕ್ಕದಲ್ಲಿ ಒಂದು ಮೇಣದಬತ್ತಿ.

ಇಂಥ ಮನೆಗಳಲ್ಲಿ ಎಷ್ಟೋ ಸಾವಿಗೆ ಎಲ್ಫಾಸ್ ಹೋಗಿದ್ದಾನೆ. ಸಾವಿನ ಮನೆಯ ಬತ್ತಿ ಯಾವತ್ತೂ ಒಂದು ಕಡೆ ವಾಲಿ ಉರಿಯುತ್ತದೆ, ಗಾಳಿಗೆ ಆರುತ್ತದೆ, ಯಾರೋ ಒಬ್ಬ ಹೆಂಗಸು ಮತ್ತೆ ಮತ್ತೆ ಹಚ್ಚುತ್ತಾಳೆ, ಅಂಗೈ ಅಡ್ಡ ಹಿಡಿಯುತ್ತಾಳೆ. ಈ ಬತ್ತಿ ಗೂಟ ಹೊಡೆದ ಹಾಗೆ ನೆಟ್ಟಗೆ ಉರಿಯುತ್ತಿತ್ತು. ಹಿಂದೆ ಕೂತ ಹೆಂಗಸೊಬ್ಬಳು ಪಕ್ಕದವಳಿಗೆ ಮೆಲ್ಲಗೆ ಹೇಳಿದ್ದು ಅವನ ಕಿವಿಗೆ ಬಿತ್ತು: "ಎಷ್ಟು ಬೆಚ್ಚಗಿದೆ ನೋಡೇ ಈ ಮನೆ. ಎಲ್ಫಾಸ್ ಮಾವ ಕಿಟಕಿ ಎಷ್ಟು ಚೆನ್ನಾಗಿ ಮಾಡಿದಾನೆ."

ಅವನು ಬತ್ತಿಯನ್ನು ನೋಡಲಾರದೆ ಕಣ್ಣು ಮೇಲೆತ್ತಿದ. ಗೋಡೆಯ ಮೇಲ್ತುದಿ, ಚಾವಣಿಗೆ ಒಂದು ಗೇಣು ಕೆಳಗೆ. ಬತ್ತಿಯ ಬೆಳಕು ಕೆಳಗಿನಿಂದ ಬೀಳುತ್ತಿದ್ದುದರಿಂದ ಹಗಲಲ್ಲಿ ಕಾಣದ ಉಬ್ಬುತಗ್ಗುಗಳು ಅಲ್ಲಿ ಕಾಣುತ್ತಿದ್ದವು. ಇಟ್ಟಿಗೆಯ ಅಳತೆಯ ಎರಡು ತೇಪೆ. ಸುತ್ತಲಿನ ಗಾರೆಯ ಮೇಲೆ ಕರಣೆಯ ಗೆರೆಗಳು ಎಡದಿಂದ ಬಲಕ್ಕೆ ಹೋಗಿದ್ದರೆ ಆ ಎರಡರ ಮೇಲೆ ಮಾತ್ರ ಬಲದಿಂದ ಎಡಕ್ಕೆ. ಈ ಮನೆಗಳನ್ನು ಕಟ್ಟಿದ ತಂಡದ ಒಂಬತ್ತು ಜನರಲ್ಲಿ ಎಡಗೈಯವನು ಒಬ್ಬನೇ ಇದ್ದ.

ಆಗ ನೆನಪಾಯಿತು. ಮರೆತದ್ದಲ್ಲ ಅದು, ಎಂದೂ ನೆನೆಯಬೇಕಾಗಿ ಬಂದಿರಲಿಲ್ಲ ಅಷ್ಟೆ. ನಕ್ಷೆಯ ಪ್ರಕಾರ ಪ್ರತಿ ಕೋಣೆಯ ಗೋಡೆಯಲ್ಲೂ ಮೇಲೆ ಎರಡು ತೂತಿನ ಇಟ್ಟಿಗೆ ಇರಬೇಕು, ಕೆಟ್ಟ ಗಾಳಿ ಹೊರಹೋಗಲು. ಇಟ್ಟಿಗೆಯೇನೋ ಬಂತು, ಅದರ ಮೇಲೆ ಕೂರಿಸುವ ಜಾಲರಿ ಬರಲಿಲ್ಲ. ಜಾಲರಿಯಿಲ್ಲದಿದ್ದರೆ ಇಲಿ ಬರುತ್ತದೆ, ಮಳೆ ಬರುತ್ತದೆ, ತಪಾಸಣೆಯವರು ತಕರಾರು ಮಾಡುತ್ತಾರೆ. ಮೇಸ್ತ್ರಿ ಅದಕ್ಕೂ ಉಪಾಯ ಹುಡುಕಿದ. ತಪಾಸಣೆಯವರು ಕಾರು ನಿಲ್ಲಿಸುವ ಮುಂದಿನ ಸಾಲಿಗೆ ಎಲ್ಲಿಂದಲೋ ಜಾಲರಿ ತರಿಸಿ ಹಾಕಿಸಿದ; ಆಮೇಲೆ ಎಲ್ಫಾಸ್‌ಗೆ ಸಿಕ್ಕ ಮನೆ ಆ ಸಾಲಿನದೇ. ಹಿಂದಿನ ಸಾಲುಗಳಲ್ಲಿ ತೂತುಗಳ ಮೇಲೆ ಒಳಗೂ ಹೊರಗೂ ಗಾರೆ ಬಳಿಯಲು ಒಬ್ಬನನ್ನು ನೇಮಿಸಿದ. ಏಣಿ ಹತ್ತುವುದರಲ್ಲಿ ಚುರುಕಾಗಿದ್ದ, ಎದುರು ಮಾತಾಡದ, ಮನೆಯಲ್ಲಿ ಮೂರು ಮಕ್ಕಳಿದ್ದ ಎಡಗೈಯವನನ್ನು. ನಲವತ್ತಮೂರು ಮನೆಗಳು. ಪ್ರತಿ ಮನೆಯಲ್ಲೂ ಒಂದೊಂದು ಲೆಕ್ಕ ಕೂಗಿ ಏಣಿ ಇಳಿಯುತ್ತಿದ್ದದ್ದು ಅವನಿಗೆ ಈಗ ಕೇಳಿಸಿತು.

ಅಂದರೆ ಇಪ್ಪತ್ತೆರಡು ವರ್ಷ ಈ ಮನೆ ಉಸಿರಾಡಿದ್ದು ಹಾಳು ಕಿಟಕಿಯ ಸಂದಿಯಿಂದ. ಅಜ್ಜಿ ಬೈದುಕೊಂಡು ಪೇಪರು ತುರುಕಿದ ಗಾಳಿ ಅವಳನ್ನು ಪ್ರತಿ ಚಳಿಗಾಲವೂ ಬದುಕಿಸಿ ಎಬ್ಬಿಸಿತ್ತು. ಮೊದಲು ಒಂದು ದಾರಿ ಮುಚ್ಚಿದವನು ಅವನೇ, ಕಡೆಯ ದಾರಿ ಮುಚ್ಚಿದವನೂ ಅವನೇ. ಮೊದಲ ಸಲ ಕೆಟ್ಟ ಕೆಲಸ ಮಾಡಿ, ಎರಡನೇ ಸಲ ಒಳ್ಳೇ ಕೆಲಸ ಮಾಡಿ.

ಸುತ್ತ ಹಾಡು ನಡೆದಿತ್ತು. 

ಗುರುವಾರ ಶವಸಂಸ್ಕಾರದ ಕಾರ್ಯಕ್ರಮದ ಹಾಳೆ ಅಚ್ಚಾಗಿ ಬಂತು. ಎಸ್ತೇರ್ ಮಾಸೀಲೆಲ ಎಂಬ ಹೆಸರಿನ ಕೆಳಗೆ ಅವಳ ಹಳೇ ಫೋಟೋ, ಹಿಂದೆ ಮಾತಾಡುವವರ ಪಟ್ಟಿ. ಮನೆಯವರ ಪರ, ಚರ್ಚಿನ ಪರ, ವಾರ್ಡಿನ ಪರ. 'ನೆರೆಹೊರೆಯ ಪರ' ಅಂತ ಇದ್ದ ಕಡೆ ಎಲ್ಫಾಸ್ ಸಿಬನ್ಯೋನಿ. ಡುಡುವೇ ಬರೆಸಿದ್ದಳು, ತಾಯಿಗೆ ಕಡೆಯ ಉಪಕಾರ ಮಾಡಿದವನು ಎಂದು.

ಲೀನಾಗೆ ಅವನು ಎಲ್ಲವನ್ನೂ ಹೇಳಿದ. ಅವಳು ಒಲೆಯ ಮೇಲಿನ ಗಂಜಿ ತಿರುವುವುದನ್ನು ನಿಲ್ಲಿಸಲಿಲ್ಲ.

"ನೀನು ಬಾಯಿ ಬಿಟ್ರೆ ಆ ಮುದುಕಿ ಎದ್ದು ಬರ್ತಾಳಾ?"

"ಇಲ್ಲ."

"ಮತ್ತೆ? ಮೇಸ್ತ್ರಿ ಎಲ್ಲಿದಾನೋ, ಕಂತ್ರಾಟಿನವ್ನು ಎಲ್ಲಿದಾನೋ. ಕಲ್ಲು ಹೊಡೆಯೋರ ಕೈಗೆ ಸಿಗೋನು ನೀನೊಬ್ಬ. ಸುಮ್ನೆ ಒಳ್ಳೇ ಅಜ್ಜಿ, ಒಳ್ಳೇ ನೆರೆಯವಳು ಅಂತ ಎರಡು ಮಾತು ಹೇಳಿ ಇಳಿ."

ಅವಳು ಹೇಳಿದ್ದು ತಪ್ಪೆನ್ನಲು ಆಗುವುದಿಲ್ಲ. ಗೋಡೆ ಮುಚ್ಚಿಸಿದವರ ಹೆಸರು ಯಾವ ಕಡತದಲ್ಲೂ ಇಲ್ಲ. ಮುಚ್ಚಿದವನ ಕರಣೆಯ ಗೆರೆ ಮಾತ್ರ ಗೋಡೆಯ ಮೇಲೆ ಉಳಿದಿದೆ. ಎಲ್ಫಾಸ್ ಎರಡು ಮಾತು ಹೇಳಿ ಇಳಿಯುವುದೆಂದೇ ತೀರ್ಮಾನಿಸಿದ. ಶನಿವಾರ ಬೆಳಿಗ್ಗೆ ಕೋಟು ಹಾಕಿಕೊಂಡು ಹೊರಟಾಗಲೂ ಅದೇ ತೀರ್ಮಾನ.

ಅಂಗಳದಲ್ಲಿ ಡೇರೆ ಹಾಕಿದ್ದರು. ಏಳು ಗಂಟೆಗೇ ಜನ ತುಂಬಿತ್ತು, ಬಾಯಿಂದ ಆವಿ ಏಳುತ್ತಿತ್ತು. ಹಿಂದೆ ಹೆಂಗಸರು ಮೂರುಕಾಲಿನ ಕಬ್ಬಿಣದ ಪಾತ್ರೆಗಳಲ್ಲಿ ಜೋಳದ ನುಚ್ಚು, ದನದ ಮಾಂಸ, ಎಲೆಕೋಸು ಬೇಯಿಸುತ್ತಿದ್ದರು. ಮನೆಯವರ ಪರ ಮಾತಾಡಿದ ಅಜ್ಜಿಯ ತಮ್ಮ ಅವಳು ಹೇಗೆ ಸತ್ತಳು ಎಂಬುದನ್ನು ರೂಢಿಯಂತೆ ಎಲ್ಲರ ಮುಂದೆ ಹೇಳಿ ಕೂತ.

ಆಮೇಲೆ ವಾರ್ಡಿನ ಕೌನ್ಸಿಲರ್ ಎದ್ದ. ಮೂರು ಕಾರುಗಳಲ್ಲಿ ಬಂದಿದ್ದ, ಕಪ್ಪು ಕನ್ನಡಕ ತೆಗೆಯಲಿಲ್ಲ. ಅಜ್ಜಿಯನ್ನು ಹೊಗಳಿ, ದೇವರನ್ನು ಹೊಗಳಿ, ತನ್ನ ಪಕ್ಷವನ್ನು ಹೊಗಳಿ, ದನಿ ಬದಲಿಸಿದ. ಕೆಂಡವನ್ನು ಒಳಗೆ ತರಬೇಡಿ ಎಂದು ರೇಡಿಯೋದಲ್ಲಿ ಹೇಳುತ್ತೇವೆ, ಶಾಲೆಯಲ್ಲಿ ಹೇಳುತ್ತೇವೆ, ಕರಪತ್ರ ಹಂಚುತ್ತೇವೆ ಅಂದ. ಸರ್ಕಾರ ಒಳ್ಳೇ ಮನೆ ಕಟ್ಟಿಕೊಟ್ಟಿದೆ.

"ಮನೆ ಒಳ್ಳೇದಿದ್ರೆ ಸಾಲದು, ತಾಯಂದಿರೇ. ಅದರಲ್ಲಿ ಇರೋದನ್ನೂ ಕಲೀಬೇಕು. ನಮ್ಮ ಅಜ್ಞಾನಾನೇ ನಮ್ಮನ್ನ ಕೊಲ್ತಿದೆ."

ಕರೆಂಟಿನ ಮಾತು ಅವನ ಬಾಯಿಂದ ಬರಲಿಲ್ಲ. ಜನ ತಲೆ ತಗ್ಗಿಸಿ ಕೂತರು. ತಪ್ಪು ಮಾಡಿದ ಮಕ್ಕಳ ಹಾಗೆ. ಮುಂದಿನ ಸಾಲಿನಲ್ಲಿ ಫೀಲಳ ತಲೆಯೂ ತಗ್ಗಿತು. ಅದನ್ನು ಎಲ್ಫಾಸ್ ನೋಡಿದ. ಸಾವಾದ ರಾತ್ರಿ ಅಂಗಳದಿಂದ ಕೆಂಡದ ಡಬ್ಬವನ್ನು ಅಜ್ಜಿಯ ಜೊತೆ ಕೈಹಾಕಿ ಒಳಗೆ ತಂದವಳು ಅವಳೇ ಎಂಬುದು ಬೀದಿಗೆಲ್ಲ ಗೊತ್ತಿತ್ತು.

ಅವನ ಹೆಸರು ಕರೆದರು. ಶವಪೆಟ್ಟಿಗೆಯ ಪಕ್ಕದ ತಗ್ಗು ವೇದಿಕೆ ಹತ್ತಿ ನಿಂತ. ಟೋಪಿಯನ್ನು ಎರಡೂ ಕೈಯಲ್ಲಿ ತಿರುಗಿಸಿದ. ಒಳ್ಳೇ ಅಜ್ಜಿ, ಒಳ್ಳೇ ನೆರೆಯವಳು ಅಂದ. ಹೇಳಬೇಕೆಂದಿದ್ದ ಎರಡು ಮಾತು ಅಲ್ಲಿಗೆ ಮುಗಿಯಿತು. ಇಳಿಯಲಿಲ್ಲ.

"ಅಜ್ಜಿಗೆ ಮನೇಲಿ ಇರೋದು ಗೊತ್ತಿತ್ತು," ಅಂದ. "ಆ ಮನೆಗೇ ಉಸಿರಾಡೋಕೆ ಬರ್ತಿರ್ಲಿಲ್ಲ. ಮೇಲೆ ಎರಡು ತೂತಿನ ಇಟ್ಟಿಗೆ ಇದೆ, ಕೆಟ್ಟ ಗಾಳಿ ಹೋಗೋಕೆ ಅಂತ ಇಟ್ಟಿದ್ದು. ಕಟ್ಟೋವಾಗ ಮೇಸ್ತ್ರಿ ಮುಚ್ಚು ಅಂದ, ನಾನು ಏಣಿ ಹತ್ತಿ ಮುಚ್ಚಿದೆ. ಅಲ್ಲಿಂದ ಈಚೆಗೆ ಅವಳಿಗೆ ಇದ್ದಿದ್ದು ಕಿಟಕಿ ಸಂದಿ ಒಂದೇ. ಹೋದ ವಾರ ಅದನ್ನೂ ಮುಚ್ಚಿದೆ. ಮಗು ತಪ್ಪೇನೂ ಇಲ್ಲ. ಇಬ್ಬರೂ ದಿನಾ ಮಾಡೋದನ್ನೇ ಮಾಡಿದ್ರು."

ಡೇರೆಯ ಬಟ್ಟೆ ಪಟಪಟ ಹೊಡೆದುಕೊಳ್ಳುತ್ತಿತ್ತು. ಹಿಂದಿನ ಅಡುಗೆಯವರೂ ಸೌಟು ಹಿಡಿದು ನಿಂತುಬಿಟ್ಟರು.

"ನಲವತ್ತಮೂರು ಮನೆ," ಅಂದ ಎಲ್ಫಾಸ್. "ಹಿಂದಿನ ನಾಲ್ಕು ಸಾಲು. ನಿಮ್ಮವೇ."

ಕೌನ್ಸಿಲರ್ ಎದ್ದು ನಿಂತು, ಇದು ಇಂಥ ಮಾತಿಗೆ ಜಾಗವಲ್ಲ ಅಂದ. ಅಜ್ಜಿಯ ತಮ್ಮ ಕೂತಲ್ಲಿಂದಲೇ, ಹಾಗಿದ್ದರೆ ಯಾವುದಕ್ಕೆ ಜಾಗ ಅಂತ ನೀವು ಹೇಳಿ ಸ್ವಾಮಿ ಅಂದ. ಯಾರೋ ಹಾಡು ಎತ್ತಿದರು, ಮಾತು ಮುಳುಗಲಿ ಅಂತ. ಎಲ್ಫಾಸ್ ಕೆಳಗಿಳಿದು ಬರುವಾಗ ಜನ ಕಾಲು ಸರಿಸಿ ದಾರಿ ಬಿಟ್ಟರು, ಮುಟ್ಟಿದರೆ ಅಂಟುವ ಹಾಗೆ.

ಸ್ಮಶಾನದಿಂದ ಬಂದು ಎಲ್ಲರೂ ಗೇಟಿನ ಬಳಿ ಇಟ್ಟ ಬೋಗುಣಿಯಲ್ಲಿ ಕೈ ತೊಳೆದರು. ಎಲ್ಫಾಸ್‌ನ ಸರದಿ ಬಂದಾಗ ಡುಡು ಅಲ್ಲಿ ನಿಂತಿದ್ದಳು. ಅವಳ ಕಣ್ಣು ಒಣಗಿತ್ತು.

"ಕೈ ತೊಳ್ಕೊಂಡು ಹೋಗು, ಮಾವ. ಇವತ್ತು ನಮ್ಮನೇಲಿ ಉಣ್ಬೇಡ."

ಅವನು ಹಾಗೇ ಮಾಡಿದ.

ಭಾನುವಾರ ಬೆಳಗಾಗುತ್ತಲೇ ಅವನ ಗೇಟಿಗೆ ಜನ ಬಂದರು. ನಮ್ಮದೂ ಮುಚ್ಚಿದ್ದೀಯಾ ಅಂತ ಒಬ್ಬೊಬ್ಬರೂ ಮನೆ ನಂಬರು ಹೇಳಿ ಕೇಳಿದರು. ಎಲ್ಲರಿಗೂ ಹೌದು ಅಂದ. ಒಬ್ಬಳು ಉಗಿದಳು. ಎರಡು ಚಳಿಗಾಲದ ಹಿಂದೆ ನಿದ್ದೆಯಲ್ಲೇ ಹೋದ ಗಂಡನ ಹೆಸರು ಹೇಳಿ, ಅವನೂ ಹೀಗೇನಾ ಅಂತ ಇನ್ನೊಬ್ಬಳು ಕೇಳಿದಳು. ಅವಳಿಗೆ ಮಾತ್ರ ಗೊತ್ತಿಲ್ಲ ಅಂದ. ಮಧ್ಯಾಹ್ನ ವಾರ್ಡ್ ಕಚೇರಿಯ ಗುಮಾಸ್ತ ಬಂದ. ರಜಾದಿನದಲ್ಲಿ ಅವನು ಆ ಬೀದಿಗೆ ಕಾಲಿಟ್ಟಿದ್ದು ಅದೇ ಮೊದಲು. ಸರ್ಕಾರ ಕಟ್ಟಿದ ಗೋಡೆಗೆ ತೂತು ಹೊಡೆಯಬೇಕಾದರೆ ಅರ್ಜಿ ಹಾಕಿ ಒಪ್ಪಿಗೆ ಪಡೆಯಬೇಕು ಅಂದ. ಮುಚ್ಚುವಾಗ ಒಪ್ಪಿಗೆ ಕೊಟ್ಟವರು ಯಾರು ಅಂತ ಲೀನಾ ಒಳಗಿಂದ ಕೇಳಿದಳು. ಗುಮಾಸ್ತ ಅದನ್ನು ಬರೆದುಕೊಳ್ಳಲಿಲ್ಲ.

ಸೋಮವಾರ ಎಲ್ಫಾಸ್ ಏಣಿ ಹೆಗಲಿಗೆ ಹಾಕಿ, ಉಳಿ ಸುತ್ತಿಗೆ ಹಿಡಿದು ಎಸ್ತೇರಜ್ಜಿಯ ಮನೆಗೆ ಹೋದ. ಮಣ್ಣಾದ ಮೇಲೆ ಗಾಜಿನ ಬೂದಿ ತೊಳೆಯುವುದು ರೂಢಿ. ತೊಳೆದಿರಲಿಲ್ಲ. ಡುಡು ಬಾಗಿಲಲ್ಲಿ ನಿಂತು ಅವನನ್ನೂ ಏಣಿಯನ್ನೂ ನೋಡಿದಳು. ಒಳಗೆ ಬಾ ಅನ್ನಲಿಲ್ಲ, ಪಕ್ಕಕ್ಕೆ ಸರಿದಳು.

ಇಪ್ಪತ್ತೆರಡು ವರ್ಷದ ಗಾರೆ ಸುಲಭಕ್ಕೆ ಬಿಡಲಿಲ್ಲ. ಬೇರೆಲ್ಲ ಕಡೆ ಮರಳೇ ಹೆಚ್ಚು ಹಾಕಿಸಿದ್ದ ಮೇಸ್ತ್ರಿ ಈ ತೇಪೆಗೆ ಮಾತ್ರ ಸಿಮೆಂಟು ಬಿಗಿಯಾಗಿ ಹಾಕಿಸಿದ್ದ. ಮೊದಲನೆಯದು ಬಿಡಲು ಅರ್ಧ ಗಂಟೆ ಹಿಡಿಯಿತು. ಆಮೇಲೆ ಹೊರಗಿನ ತೇಪೆ. ಇಟ್ಟಿಗೆಯ ಒಂಬತ್ತು ತೂತುಗಳಿಂದ ಒಂಬತ್ತು ಕೋಲು ಬಿಸಿಲು ಕೋಣೆಯೊಳಗೆ ಬಿತ್ತು, ಧೂಳಿನಲ್ಲಿ ಎದ್ದು ಕಂಡಿತು. ಎರಡನೆಯದಕ್ಕೆ ಏಣಿ ಸರಿಸುವಾಗ ಅದರ ಬುಡವನ್ನು ಯಾರೋ ಹಿಡಿದ ಹಾಗಾಯಿತು. ಕೆಳಗೆ ನೋಡಿದರೆ ಡುಡು, ಮುಖ ಬೇರೆ ಕಡೆ ತಿರುಗಿಸಿಕೊಂಡು.

ಕೆಲಸ ಮುಗಿದ ಮೇಲೆ ಅವಳು ಒಂದು ಬಕೆಟ್ಟು ನೀರನ್ನೂ ಚಿಂದಿಯನ್ನೂ ತಂದು ಕಿಟಕಿಯ ಕೆಳಗಿಟ್ಟಳು.

"ಇದೂ ನಿನ್ನದೇ ಕೆಲಸ," ಅಂದಳು.

ಎಲ್ಫಾಸ್ ಎರಡೂ ಕಿಟಕಿಗಳ ಬೂದಿಯನ್ನು ತೊಳೆದ. ಪುಟ್ಟಿಯ ಗುಳಿಯಲ್ಲಿ ಕೂತದ್ದನ್ನು ಉಗುರಿನಿಂದ ತೆಗೆದ. ಗಾಜು ತಿಳಿಯಾದಾಗ ಒಳಗಿನಿಂದ ಫೀಲ ಅವನನ್ನೇ ನೋಡುತ್ತಿದ್ದದ್ದು ಕಂಡಿತು. ಅವಳು ಸುತ್ತಿ ಹೊರಗೆ ಬಂದು ಬಾಗಿಲ ಬಳಿ ಕುಕ್ಕರುಗಾಲಲ್ಲಿ ಕೂತಳು. ಕೆಳಗಿನ ಸಂದಿಯಲ್ಲಿ ಎರಡು ಬೆರಳು ತೂರಿಸಿದಳು.

"ತಾತ, ಇದನ್ನ ಸೋಮವಾರ ಮುಚ್ತೀನಿ ಅಂದಿದ್ದೆ, ಅಜ್ಜಿಗೆ."

"ಅಂದಿದ್ದೆ, ಮಗ."

"ಇವತ್ತು ಸೋಮವಾರ."

"ಅದು ಹಾಗೇ ಇರ್ಲಿ."

"ಚಳಿ ಬರುತ್ತಲ್ಲ."

ಎಲ್ಫಾಸ್ ಚಿಂದಿ ಹಿಂಡಿ ಬಕೆಟ್ಟಿನ ಅಂಚಿಗೆ ಹಾಕಿದ.

"ಬರ್ಲಿ," ಅಂದ.